ಬಾಕ್ಸ್ ಪೈಪಿನ ಮೆಟ್ಟಿಲನ್ನು ಹೊರಗಿಂದ ನೋಡಿ ನಂಬಬೇಡಿ

ಮನೆ ಹೊರಗಿನ ಡೆಕ್‌ಗೆ ಕಬ್ಬಿಣ, ಮರ ಸೇರಿಸಿ ಮೆಟ್ಟಿಲು ಮಾಡಿಸಬೇಕು ಅಂತಿರುವ ಕೊಡಗಿನವರು, ಅದರಲ್ಲೂ ಹೋಂಸ್ಟೇ ನಡೆಸುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆಯ ಮೆಟ್ಟಿಲು ಎರಡನೇ ಮಳೆಗಾಲದಲ್ಲೇ ಕುಸಿಯಿತು. ಅತ್ತೆಯ ಕಾಲು ಮುರಿಯಿತು. ಹಿಂದಿನ ದಿನದವರೆಗೂ ಆ ಮೆಟ್ಟಿಲಲ್ಲಿ ಒಂದು ಕೊರತೆಯೂ ಕಣ್ಣಿಗೆ ಕಾಣುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಚೇರಂಬಾಣೆ ಕಡೆ, ಇಳಿಜಾರಿನ ಜಾಗ. ಅಡುಗೆಮನೆ ಹಿಂದೆ ಡೆಕ್, ಅಲ್ಲಿಂದ ಕಾಫಿ ಕಣಕ್ಕೆ ಇಳಿಯಲು ಮೆಟ್ಟಿಲು. ಫ್ಯಾಬ್ರಿಕೇಶನ್‌ನವರು ಎರಡು ಪಕ್ಕಕ್ಕೂ ಬಾಕ್ಸ್ ಪೈಪ್, ಅಂದರೆ ಒಳಗೆ ಟೊಳ್ಳಿರುವ ಚೌಕದ ಕಬ್ಬಿಣದ ಪೈಪ್, ಓರೆಯಾಗಿ ನಿಲ್ಲಿಸಿ, ಅಡ್ಡಕ್ಕೂ ಬಾಕ್ಸ್ ಪೈಪನ್ನೇ ವೆಲ್ಡ್ ಮಾಡಿ, ಮೇಲೆ ಸಿಲ್ವರ್ ಓಕ್ ಹಲಗೆ ಕೂರಿಸಿದರು. ಪೈಪಿಗೆ ಕಪ್ಪು ಪೇಂಟ್, ಹಲಗೆಗೆ ಪಾಲಿಶ್. ಪೇಂಟಿನ ಕೆಳಗೆ ತುಕ್ಕು ತಡೆಯಲು ಹೊಡೆಯುವ ರೆಡ್ ಆಕ್ಸೈಡ್. ನೋಡಲು ಚೆಂದವೇ ಇತ್ತು. "ನಮ್ಮ ಕಡೆ ಮಳೆಗೆ ತಡೆಯುತ್ತಾ ಅಣ್ಣಾ?" ಅಂತ ಕೇಳಿದೆ. "ರೆಡ್ ಆಕ್ಸೈಡ್ ಹೊಡೆದಿದೀನಿ ಅಕ್ಕ, ಹತ್ತು ವರ್ಷ ಏನೂ ಆಗಲ್ಲ" ಅಂದರು.

ಕಕ್ಕಡ, ಅಂದರೆ ನಮ್ಮ ಕೊಡಗಿನ ಮಳೆಗಾಲದ ತಿಂಗಳು, ಅದರ ಹದಿನೆಂಟರ ಬೆಳಿಗ್ಗೆ ಅತ್ತೆ ಆ ದಿನ ತಿನ್ನುವ ಮದ್ದು ಸೊಪ್ಪು ಕೊಯ್ಯಲು ಇಳಿಯುತ್ತಿದ್ದರು. ಮೇಲಿನಿಂದ ಮೂರನೇ ಮೆಟ್ಟಿಲಿನ ಅಡ್ಡ ಪೈಪ್ ವೆಲ್ಡಿಂಗ್ ಪಕ್ಕದಲ್ಲೇ ಹರಿದು, ಹಲಗೆ ಸಮೇತ ಕೆಳಗೆ ಬಿತ್ತು. ಅತ್ತೆಯ ಕಾಲು ಆ ಸಂದಿಯಲ್ಲಿ ಸಿಕ್ಕಿಕೊಂಡಿತು. ಮಡಿಕೇರಿಗೆ ಕರೆದುಕೊಂಡು ಹೋಗಿ ಪ್ಲೇಟ್ ಹಾಕಿಸಬೇಕಾಯಿತು. ಈಗಲೂ ಮೆಟ್ಟಿಲು ಕಂಡರೆ ಅವರು ನಿಂತು ಯೋಚಿಸುತ್ತಾರೆ.

ಮಳೆ ಸ್ವಲ್ಪ ಬಿಟ್ಟ ಮೇಲೆ ಎಲ್ಲ ಬಿಚ್ಚಿಸಿ ನೋಡಿದೆವು. ಓರೆ ಪೈಪಿನ ಕೆಳತುದಿಯಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಅದು ಸೀದಾ ಒಳಗೆ ಹೋಯಿತು. ಆ ತೂತಿನಿಂದ ಕೆಂಪು ನೀರು ಸುರಿಯತೊಡಗಿತು. ಕೆಳಗೆ ಬಕೆಟ್ ಇಟ್ಟರೆ ಅರ್ಧ ತುಂಬಿತು. ಹೊರಗಿನ ಪೇಂಟ್ ಹೊಳಪು ಕೂಡ ಮಾಸಿರಲಿಲ್ಲ. ಅದರ ಹಿಂದೆ ಇದ್ದದ್ದು ತುಕ್ಕಿನ ಪುಡಿ ಮಾತ್ರ.

ನೀರು ಒಳಗೆ ಹೋಗಿದ್ದು ಹೇಗೆ ಅಂದರೆ, ಹಲಗೆಯನ್ನು ಮೇಲಿನಿಂದ ಸ್ಕ್ರೂ ಹೊಡೆದು ಪೈಪಿಗೆ ಕೂರಿಸಿದ್ದರು. ಪೈಪಿನ ಮೇಲ್ಮುಖಕ್ಕೆ ಬಿದ್ದ ಪ್ರತಿ ತೂತೂ ನೀರಿಗೆ ಒಂದು ಬಾಗಿಲು. ಅಡ್ಡ ಪೈಪಿನಿಂದ ಓರೆ ಪೈಪಿಗೆ ಇಳಿದ ನೀರು ಕೆಳಗೆ ಹೋಗಿ ನಿಂತಿತು, ಯಾಕೆಂದರೆ ಕೆಳತುದಿಗೆ ಪ್ಲೇಟ್ ಇಟ್ಟು ಪೂರ್ತಿ ವೆಲ್ಡ್ ಮಾಡಿ ಮುಚ್ಚಿದ್ದರು. ನೀರು ಇಳಿಯಲು ಒಂದು ತೂತೂ ಇರಲಿಲ್ಲ. ರೆಡ್ ಆಕ್ಸೈಡ್ ಹೊಡೆಯುವುದು ಹೊರಗೆ ಮಾತ್ರ ಅಲ್ವಾ? ಒಳಗೆ ಬರೀ ಕಬ್ಬಿಣ. ಸಾಲದ್ದಕ್ಕೆ ಪೈಪ್ ತೀರಾ ತೆಳು. ಕಡಿಮೆ ದಪ್ಪದ ಪೈಪನ್ನು ತುಕ್ಕು ಒಳಗಿಂದ ತಿನ್ನಲು ಶುರು ಮಾಡಿದರೆ ಉಳಿಯಲು ಏನೂ ಇರುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಬೆಂಗಳೂರಿನ ಸುಮಾರು ಮೂರು ಪಟ್ಟು. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಬೆಂಗಳೂರಿನಲ್ಲಿ ನಡೆಯುವ ಕೆಲಸ ಇಲ್ಲಿ ನಡೆಯಲ್ಲ.

ಇನ್ನು ಹಲಗೆ. ಸಿಲ್ವರ್ ಓಕ್ ನಮ್ಮ ತೋಟಗಳಲ್ಲೇ ಇದೆ, ಆಸ್ಟ್ರೇಲಿಯಾದಿಂದ ನೆರಳಿಗಾಗಿ ಬಂದ ಮರ, ಕರಿಮೆಣಸಿನ ಬಳ್ಳಿ ಹಬ್ಬಿಸಲೂ ಅನುಕೂಲ. ಆದರೆ ಬಯಲಿನಲ್ಲಿ ನೆನೆಯುವ ಕೆಲಸಕ್ಕೆ ಅದು ಮರವೇ ಅಲ್ಲ. ಬೇಗ ಲಡ್ಡಾಗುತ್ತದೆ, ಗೆದ್ದಲಿಗೂ ಇಷ್ಟ. ನಮ್ಮ ಹಲಗೆಗಳ ಮೇಲ್ಭಾಗ ಗಟ್ಟಿಯಾಗೇ ಇತ್ತು. ಕಬ್ಬಿಣಕ್ಕೆ ಅಂಟಿಕೊಂಡಿದ್ದ ಅಡಿಭಾಗ ಕಪ್ಪಾಗಿ, ಉಗುರಲ್ಲಿ ಕೆರೆದರೆ ಏಳುತ್ತಿತ್ತು. ಮರ ಮತ್ತು ಕಬ್ಬಿಣದ ನಡುವೆ ಸಿಕ್ಕ ನೀರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಎರಡನ್ನೂ ಅದೇ ಹಾಳು ಮಾಡುತ್ತದೆ.

ಮಾಡಿಸುವವರು ದುಡ್ಡು ಕೊಡುವ ಮೊದಲು ಮಾತಾಡಿಕೊಳ್ಳಿ. ಎರಡು ಪಕ್ಕದ ಓರೆ ತೊಲೆಗೆ ಬಾಕ್ಸ್ ಪೈಪ್ ಬದಲು ಸಿ ಚಾನೆಲ್, ಅಂದರೆ ಇಂಗ್ಲಿಷ್ C ಆಕಾರದ, ಒಂದು ಪಕ್ಕ ತೆರೆದ ಕಬ್ಬಿಣ, ಹಾಕಿಸಿ. ಎಲ್ಲ ಮುಖವೂ ಕಣ್ಣಿಗೆ ಕಾಣುತ್ತದೆ, ಬ್ರಷ್ ಹೋಗುತ್ತದೆ, ತುಕ್ಕು ಬಂದರೆ ಅಂದೇ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇದೊಂದೇ ಮಾತು ಉಳಿದೆಲ್ಲದಕ್ಕಿಂತ ದೊಡ್ಡದು. ಬಾಕ್ಸೇ ಬೇಕು ಅಂದರೆ ಕೆಳತುದಿಯಲ್ಲಿ ನೀರು ಇಳಿಯುವ ತೂತು ಇರಲೇಬೇಕು. ದುಡ್ಡು ಕೈಗೆಟುಕಿದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ಗ್ಯಾಲ್ವನೈಸಿಂಗ್ ಮಾಡಿಸಿ, ಅದು ಪೈಪಿನ ಒಳಗೂ ಹಿಡಿಯುತ್ತದೆ. ಆದರೆ ಕೊರೆಯುವುದು, ವೆಲ್ಡ್ ಮಾಡುವುದು ಎಲ್ಲ ಅದಕ್ಕೆ ಮುಂಚೆಯೇ ಮುಗಿಯಬೇಕು. ಆಮೇಲೆ ವೆಲ್ಡ್ ಮಾಡಿದ ಜಾಗದಲ್ಲಿ ಸತು ಸುಟ್ಟು ಹೋಗುತ್ತದೆ, ಜೋಡಣೆಗೆ ಬೋಲ್ಟ್ ಹಾಕಬೇಕು. ಸತು ಹಚ್ಚಿಯೇ ಬರುವ ಅಂಗಡಿಯ ಜಿಐ ಪೈಪ್ ತಂದು ವೆಲ್ಡ್ ಮಾಡಿಸಿದರೂ ಇದೇ ಕತೆ.

ಹಲಗೆಯನ್ನು ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಮೇಲಿಟ್ಟು ಅಡಿಯಿಂದ ಸ್ಕ್ರೂ ಹಾಕಿಸಿ. ನಡುವೆ ರಬ್ಬರ್ ಪಟ್ಟಿ ಇರಲಿ. ಸ್ಕ್ರೂ ಸ್ಟೇನ್‌ಲೆಸ್ ಆಗಿರಲಿ, ಕಪ್ಪು ಜಿಪ್ಸಂ ಸ್ಕ್ರೂ ಮಳೆಗೆ ತಲೆ ಕಳಚಿಕೊಳ್ಳುತ್ತದೆ. ಒಂದೇ ಅಗಲದ ಹಲಗೆಗಿಂತ ಎರಡು ಕಿರಿದಾದ ಹಲಗೆ ಹಾಕಿ, ನಡುವೆ ಬೆರಳು ದಪ್ಪಕ್ಕೂ ಕಡಿಮೆ ಸಂದಿ ಬಿಟ್ಟರೆ ನೀರು ನಿಲ್ಲಲ್ಲ. ಕತ್ತರಿಸಿದ ತುದಿಗಳಿಗೆ ಎಣ್ಣೆ ಅಥವಾ ಸೀಲರ್ ಜಾಸ್ತಿ ಕುಡಿಸಿ, ಮರ ನೀರು ಹೀರುವುದು ಹೆಚ್ಚಾಗಿ ಅಲ್ಲಿಂದಲೇ. ತೇಗ ಇಲ್ಲವೇ ಹೊನ್ನೆ ಒಳ್ಳೆಯದು. ಅವುಗಳ ಒಗರು ಬರಿ ಕಬ್ಬಿಣಕ್ಕೆ ತಾಗಿದರೆ ಕಪ್ಪು ಕಲೆ ಬೀಳುತ್ತದೆ, ಅದಕ್ಕೂ ಆ ರಬ್ಬರ್ ಪಟ್ಟಿಯೇ ಮದ್ದು. ಪಾಲಿಶ್ ಮಾತ್ರ ಬೇಡ, ಪಾಚಿ ಕಟ್ಟಿದರೆ ಜಾರುತ್ತದೆ.

ಮೆಟ್ಟಿಲಿನ ಬುಡವನ್ನು ಮಣ್ಣಿನಲ್ಲಿ ಹೂಳಬಾರದು. ನೆಲದಿಂದ ಅರ್ಧ ಅಡಿ ಎತ್ತರದ ಕಾಂಕ್ರೀಟ್ ಪೀಠ, ಅದೂ ತುಂಬಿಸಿದ ಮಣ್ಣಿನ ಮೇಲಲ್ಲ, ಗಟ್ಟಿ ನೆಲದಲ್ಲಿ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ನಮಗೆ ಇಳಿಜಾರಿನ ಮಣ್ಣಿನ ಬಗ್ಗೆ ಬೇರೆ ಹೇಳಬೇಕಿಲ್ಲ. ಮೆಟ್ಟಿಲಿನ ಎತ್ತರ ಆರರಿಂದ ಏಳು ಇಂಚು, ಎಲ್ಲವೂ ಒಂದೇ ಸಮ. ರೇಲಿಂಗ್ ಮೂರು ಅಡಿ.

ಈಗಾಗಲೇ ಬಾಕ್ಸ್ ಪೈಪಿನ ಮೆಟ್ಟಿಲು ಇರುವವರು ಮೇ ತಿಂಗಳೊಳಗೆ ನೋಡಿಕೊಳ್ಳಿ. ಕೆಳತುದಿಯಿಂದ ಮೇಲಕ್ಕೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಬನ್ನಿ. ಎಲ್ಲಾದರೂ ಸದ್ದು ಮಂಕಾಗಿದ್ದರೆ, ಪೇಂಟ್ ಉಬ್ಬಿದ್ದರೆ, ವೆಲ್ಡಿಂಗ್ ಪಕ್ಕ ಕಂದು ಗೆರೆ ಇಳಿದಿದ್ದರೆ ಅಲ್ಲಿ ಸ್ಕ್ರೂಡ್ರೈವರ್ ಒತ್ತಿ. ಒಂದೆರಡು ಹಲಗೆ ಬಿಚ್ಚಿ ಅಡಿಭಾಗವನ್ನೂ ನೋಡಿ. ಸ್ಕ್ರೂಡ್ರೈವರ್ ಒಳಗೆ ಇಳಿದರೆ ಮೇಲೆ ತೇಪೆ ವೆಲ್ಡ್ ಮಾಡಿಸಲು ಹೋಗಬೇಡಿ, ಅತಿಥಿಗಳನ್ನೂ ಆ ಕಡೆ ಬಿಡಬೇಡಿ. ಎರಡೂ ಕಡೆ ಹಗ್ಗ ಕಟ್ಟಿ, ಮೆಟ್ಟಿಲು ಬದಲಾಯಿಸುವವರೆಗೆ ಬಿಚ್ಚಬೇಡಿ.