ಕರಿದ ಎಣ್ಣೆ ಸೋಸೋ 5 ಮೈಕ್ರಾನ್ (0.005 ಮಿ.ಮೀ.) ಬ್ಯಾಗ್, ತಗೋಬೋದು
ಮಂಡ್ಯದ ಹತ್ರ ನಮ್ ತೋಟದ ಹಳೇ ಡೀಸೆಲ್ ಪಂಪ್‌ಸೆಟ್‌ಗೆ ಬೋಂಡಾ ಕರಿದ ಎಣ್ಣೆ ಬೆರೆಸೋಕೆ ಅಂತ ತಗೊಂಡೆ, ತುಂಬಾ ಒಳ್ಳೇ ಮಾಲು. ಹೊಲಿಗೆ ಗಟ್ಟಿ, ಬಾಯಿಗೆ ಸ್ಟೀಲ್ ರಿಂಗ್ ಇದೆ. ಎಣ್ಣೇನ ಒಂದೆರಡು ವಾರ ಅಲ್ಲಾಡಿಸ್ದೆ ಇಟ್ಟು ಮೇಲಿನ ತಿಳಿ ಮಾತ್ರ ಬಗ್ಗಿಸ್ಕೊಂಡು ಬೆಚ್ಚಗೆ ಮಾಡಿ ಸುರಿದ್ರೆ ಸರಾಗವಾಗಿ ಇಳಿಯುತ್ತೆ, ತಣ್ಣಗಿದ್ರೆ ತೊಟ್ಟು ತೊಟ್ಟೇ, ಒಳಗೆ ಅಂಟ್ಕೊಂಡಿರೋ ಕಡ್ಲೆಹಿಟ್ಟಿನ ಕಪ್ಪು ಗಸಿ ನೋಡಿದ್ರೆ ಇದೆಲ್ಲ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್‌ಗೆ ಹೋಗ್ತಿತ್ತಲ್ಲಪ್ಪ ಅನ್ಸುತ್ತೆ. ಆದ್ರೆ ಬ್ಯಾಗು ನೀರನ್ನ ತಡೆಯಲ್ಲ, ಕಾದ ಬಾಣಲೆಗೆ ನಾಲ್ಕು ಹನಿ ಹಾಕಿ ನೋಡಿ, ಚಟಪಟ ಅಂದ್ರೆ ಇನ್ನೂ ನೀರಿದೆ. ಎಷ್ಟು ಸೋಸಿದ್ರೂ ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ ಇರುತ್ತೆ, ಈಗಿನ ಕಾಮನ್ ರೈಲ್ (ಭಾರಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸೋ) ಗಾಡಿಗಳಿಗೆ ದಯವಿಟ್ಟು ಹಾಕ್ಬೇಡಿ. ರೇಟು ಸ್ವಲ್ಪ ಜಾಸ್ತೀನೆ, ಆದ್ರೆ ಬಿಸಿನೀರು ಸೋಪಲ್ಲಿ ತೊಳೆದು ಪೂರ್ತಿ ಒಣಗಿಸಿದ್ರೆ ಮತ್ತೆ ಬಳಸ್ಬೋದು.