ಕೌಬಾಯ್ ಹಾಡು ಕಲಿಯಲು ಯಾರ ರೆಕಾರ್ಡ್ ಹಿಡಿಯಬೇಕು? ಆಟ್ರಿ, ಪಯನೀರ್ಸ್, ರಾಬಿನ್ಸ್, ರೈಡರ್ಸ್

ಗಿಟಾರ್ ಒಂದು, ದನಿ ಮೂರು ಇದ್ದರೆ ಅಮೆರಿಕದ ಹಳೆಯ ಕೌಬಾಯ್ ಹಾಡುಗಳನ್ನು ಶುರು ಮಾಡಬಹುದು. ತೊಡಕಿರುವುದು ಯಾರನ್ನು ಮುಂದಿಟ್ಟುಕೊಂಡು ಕಲಿಯಬೇಕು ಎನ್ನುವಲ್ಲಿ. ಗಾಯಕರಾದ ಜೀನ್ ಆಟ್ರಿ, ಮಾರ್ಟಿ ರಾಬಿನ್ಸ್, ಗುಂಪುಗಳಾದ ಸನ್ಸ್ ಆಫ್ ದ ಪಯನೀರ್ಸ್, ರೈಡರ್ಸ್ ಇನ್ ದ ಸ್ಕೈ: ಈ ನಾಲ್ಕನ್ನೂ ಹಾಡಿ, ನುಡಿಸಿ ನೋಡಿದ ಮೇಲಿನ ಹೋಲಿಕೆ ಇದು. ಬಾಬ್ ವಿಲ್ಸ್ ಮಾದರಿಯ ವೆಸ್ಟರ್ನ್ ಸ್ವಿಂಗ್ ಬೇಕೆಂದೇ ಸೇರಿಸಿಲ್ಲ. ಡ್ರಮ್ಸ್, ಸ್ಟೀಲ್ ಗಿಟಾರ್, ಊದುವ ವಾದ್ಯಗಳಿರುವ ಕುಣಿತದ ಬ್ಯಾಂಡ್ ಅದು. ಅದರ ಲೆಕ್ಕವೇ ಬೇರೆ.

ಒಬ್ಬರೇ ಹಾಡುವುದಾದರೆ ಆಟ್ರಿ ಸಾಕು. 1930ರ ಸುಮಾರಿನ ರೆಕಾರ್ಡ್‌ಗಳಲ್ಲಿ ಅವರು ಕಂಟ್ರಿ ಸಂಗೀತದ ಮೊದಲ ತಾರೆ ಜಿಮ್ಮಿ ರಾಜರ್ಸ್‌ರ ನೆರಳು. ಕೆಲವೇ ವರ್ಷಗಳಲ್ಲಿ ಮೈಕಿನ ಹತ್ತಿರ ನಿಂತು ಮಾತಾಡಿದಂತೆ ಹಾಡುವ ಮೆದು ಶೈಲಿ ಬಂತು. ಕಲಿಯಲು ಹಿಡಿಯಬೇಕಾದ್ದು ಅದನ್ನು. ದನಿಯ ಹರಹು ಚಿಕ್ಕದು, ಮೂರು ನಾಲ್ಕು ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಹಾಡು ಮುಗಿಯುತ್ತದೆ. ಆದರೆ ಗಟ್ಟಿಯಾಗಿ ಹಾಡಿದರೆ ಎಲ್ಲವೂ ಸಪ್ಪೆ. ಅಕ್ಷರ ಸ್ಪಷ್ಟವಾಗಿರಲಿ, ಉಸಿರು ಕಡಿಮೆಯಿರಲಿ.

ಮೂರು ದನಿಗೆ ಪಯನೀರ್ಸ್‌ಗೆ ಸಾಟಿಯಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಬಾಬ್ ನೋಲನ್, ಟಿಮ್ ಸ್ಪೆನ್ಸರ್, ಲಿಯೊನಾರ್ಡ್ ಸ್ಲೈ ಕಟ್ಟಿದ ಗುಂಪು ಇದು. ಸ್ಲೈ ಎಂದರೆ ಮುಂದೆ ಸಿನಿಮಾದ ರಾಯ್ ರಾಜರ್ಸ್. (ಸ್ಲೈ ಹುಟ್ಟಿದ್ದು ಸಿನ್ಸಿನಾಟಿ ನಗರದಲ್ಲಿ, ನೋಲನ್ ಗಾಲ್ಫ್ ಮೈದಾನದಲ್ಲಿ ಕ್ಯಾಡಿಯಾಗಿದ್ದವರು. ದನ ಕಾಯ್ದವರೇ ಈ ಹಾಡು ಕಟ್ಟಿದರು ಅಂದುಕೊಳ್ಳಬೇಕಿಲ್ಲ.) 1934ರಲ್ಲಿ ಶುರುವಾದ ಡೆಕ್ಕಾ ಕಂಪನಿಯ ರೆಕಾರ್ಡ್‌ಗಳೇ ಕಲಿಯುವವರ ಪಾಠಪುಸ್ತಕ: ಕೆಲವೇ ವಾದ್ಯ, ಪ್ರತಿ ದನಿಯೂ ಬೇರೆಯಾಗಿ ಕಿವಿಗೆ ಸಿಗುತ್ತದೆ. 1945ರಿಂದ ಆರ್‌ಸಿಎ ಕಂಪನಿಗೆ ಮಾಡಿದವು ಕೇಳಲು ಹೆಚ್ಚು ಸೊಗಸು. ಲಾಯ್ಡ್ ಪೆರಿಮನ್‌ರ ಮೇಲಿನ ದನಿ ಅಲ್ಲಿ ಎಷ್ಟು ಹಗುರ! ಆದರೆ ಹಲವು ಹಾಡುಗಳಲ್ಲಿ ಹಿಂದೆ ತುಂಬು ವಾದ್ಯವೃಂದವಿದೆ, ಒಳದನಿ ಅದರಲ್ಲಿ ಮುಳುಗುತ್ತದೆ. ಸಂಕಲನ ಕೊಳ್ಳುವಾಗ ವರ್ಷ ನೋಡಿ. ಸ್ಪೆನ್ಸರ್, ನೋಲನ್ ಇಬ್ಬರೂ 1949ರಲ್ಲಿ ವೇದಿಕೆ ಬಿಟ್ಟರು. ಅವರ ಜಾಗಕ್ಕೆ ಕೆನ್ ಕರ್ಟಿಸ್, ಟಾಮಿ ಡಾಸ್ ಬಂದರು. ಡಾಸ್‌ರ ದನಿ ನೋಲನ್‌ರಿಗೆ ತೀರಾ ಹತ್ತಿರ, ಸುಲಭವಾಗಿ ಏಮಾರಬಹುದು.

ಅಭ್ಯಾಸದ ಕ್ರಮ ಹೀಗಿರಲಿ. ನಡುವಿನ ದನಿ ಷಡ್ಜದಲ್ಲಿದ್ದರೆ ಮೇಲಿನದು ಗಾಂಧಾರ, ಕೆಳಗಿನದು ಮಂದ್ರ ಪಂಚಮ. ಮೊದಲು ನಡುವಿನವರು ಮತ್ತು ಮೇಲಿನವರು, ಆಮೇಲೆ ನಡುವಿನವರು ಮತ್ತು ಕೆಳಗಿನವರು ಜೋಡಿಯಾಗಿ ಹಾಡಿ. ಮೂರನೆಯ ಸುತ್ತಿನಲ್ಲಿ ನಡುವಿನವರು ಬಾಯಿ ಮುಚ್ಚಿರಲಿ, ಮಿಕ್ಕಿಬ್ಬರು ಹಾಡಲಿ. ತಪ್ಪೆಲ್ಲ ಹೊರಬೀಳುವುದು ಇಲ್ಲೇ. ಕೆಳದನಿಯ ದಾರಿಗೆ ರಾಗದ ರೂಪವಿರುವುದಿಲ್ಲ. ಒಂದೇ ಸ್ವರದಲ್ಲಿ ನಿಂತು ತಟಕ್ಕನೆ ಜಿಗಿಯುತ್ತದೆ, ಗೊತ್ತಿಲ್ಲದೆ ಮೂಲ ರಾಗಕ್ಕೆ ಜಾರುವವರು ಬಹಳ. ನಮ್ಮ ಸಂಗೀತ ಕಲಿತವರಿಗೆ ಇನ್ನೊಂದು ಕಷ್ಟ ಗಮಕ. ಮೂವರಲ್ಲಿ ಒಬ್ಬರು ಸ್ವರವನ್ನು ಅಲುಗಿಸಿದರೂ ಕಾರ್ಡ್ ಒಡೆಯುತ್ತದೆ. ಸ್ವರ ನೇರ ನಿಲ್ಲಲಿ, ಪದದ ಕೊನೆಯ ವ್ಯಂಜನ ಮೂವರಿಗೂ ಒಂದೇ ಕ್ಷಣಕ್ಕೆ ಬೀಳಲಿ. ನೋಲನ್ ಬರೆದ ‘ಕೂಲ್ ವಾಟರ್’ನ 1941ರ ಡೆಕ್ಕಾ ರೆಕಾರ್ಡ್ ಒಳ್ಳೆಯ ಪರೀಕ್ಷೆ. ಅಲ್ಲಿ ಪ್ರತಿಧ್ವನಿ ಹಾಡುವವರು ಅರ್ಧ ಹೆಜ್ಜೆ ಹಿಂದೆ ನಿಂತು ಹಾಡಿದರೆ ಒಂದೇ ಮೈಕಿನಲ್ಲೂ ಸಮತೋಲ ಸಿಗುತ್ತದೆ.

ಗಿಟಾರ್ ಪಾಠಕ್ಕೆ ಮಾತ್ರ ಪಯನೀರ್ಸ್ ಬೇಡ. ಅವರ ಗಿಟಾರ್ ನುಡಿಸಿದ ಕಾರ್ಲ್ ಫಾರ್ ಅದ್ಭುತ ವಾದಕ, ಆದರೆ ಜಾಝ್ ಬೆರೆತ ಅವರ ಕೈ ಹಳೆಯ ರೆಕಾರ್ಡಿನಲ್ಲಿ ಅಷ್ಟು ಬಿಡಿಸಿ ಕೇಳಿಸದು. 1977ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದ ರೈಡರ್ಸ್ ಇನ್ ದ ಸ್ಕೈ ಗುಂಪಿನ ರೇಂಜರ್ ಡಗ್ ಬಳಿ ಅದೇ ಬಗೆಯ ಲಯ ಸ್ವಚ್ಛವಾಗಿ ಸಿಗುತ್ತದೆ. ಪ್ರತಿ ಕಾರ್ಡ್‌ಗೆ ಮೂರೇ ತಂತಿ: 6, 4, 3. ಜಿ ಕಾರ್ಡ್‌ಗೆ ಆ ತಂತಿಗಳಲ್ಲಿ ಕ್ರಮವಾಗಿ 3, 2, 4ನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿ). ಅಲ್ಲಿಂದ ಮೂರೂ 5ನೇ ಫ್ರೆಟ್. ಆಮೇಲೆ 7, 5, 7. ಕೂತಲ್ಲೇ ಕೂರದೆ ಕಾರ್ಡ್ ಮೇಲೇರುತ್ತ ನಡೆಯುತ್ತದೆ. 6ನೇ ತಂತಿ ಒತ್ತಿದ ಬೆರಳೇ ಓರೆಯಾಗಿ 5ನೆಯದನ್ನು ಮುಟ್ಟಿ ಸುಮ್ಮನಾಗಿಸಬೇಕು. ಪಿಕ್ ದಪ್ಪನೆಯದಿರಲಿ, 1 ಮಿ.ಮೀ.ಗೆ ಕಡಿಮೆ ಬೇಡ. ಮೀಟಿದ ಕೂಡಲೇ ಎಡಗೈ ಸಡಿಲಿಸಿ, ಆದರೆ ಬೆರಳು ತಂತಿಯ ಮೇಲೇ ಇರಲಿ. ಸಡಿಲಿಸದಿದ್ದರೆ ದೊಡ್ಡ ಒಡಲಿನ ಸಾಮಾನ್ಯ ಡ್ರೆಡ್‌ನಾಟ್ ಗಿಟಾರ್ ಗುಂಯ್‌ಗುಡುತ್ತಲೇ ಇದ್ದು ಹಾಡಿನ ಮಾತನ್ನು ನುಂಗುತ್ತದೆ; ಪೂರ್ತಿ ಎತ್ತಿದರೆ ತೆರೆದ ತಂತಿ ಕೂಗುತ್ತದೆ. ಉಬ್ಬುಮೈಯ ಆರ್ಚ್‌ಟಾಪ್ ಗಿಟಾರ್‌ನ ನಾದ ಬೇಗ ಅಡಗುವುದರಿಂದ ಈ ಕೆಲಸ ಅದರಲ್ಲಿ ಅರ್ಧ ಸಲೀಸು.

ಮಾರ್ಟಿ ರಾಬಿನ್ಸ್‌ರನ್ನು ಕೊನೆಗಿಡಿ. 1959ರ ‘ಎಲ್ ಪಾಸೊ’ ನಾಲ್ಕೂವರೆ ನಿಮಿಷ ಮೀರಿದ ಕಥನ, ಮೂರು ಮಾತ್ರೆಯ ವಾಲ್ಟ್ಸ್. ಸಾಲು ಸಾಲಿನ ನಡುವೆ ಗ್ರೇಡಿ ಮಾರ್ಟಿನ್‌ರ ಸ್ಪ್ಯಾನಿಷ್ ಧಾಟಿಯ ಗಿಟಾರ್ ಇಲ್ಲದಿದ್ದರೆ ಹಾಡು ಬರಿದು. ಎರಡನೇ ಗಿಟಾರ್ ಬೇಕೇ ಬೇಕು.

ದನಿ ಮುರಿದು ಮೇಲಕ್ಕೆ ನೆಗೆಸುವ ಯೋಡಲ್‌ಗೆ ಪಯನೀರ್ಸ್‌ಗಿಂತ ಗಾಯಕಿ ಪ್ಯಾಟ್ಸಿ ಮೊಂಟಾನಾರ 1935ರ ರೆಕಾರ್ಡ್ (‘ಐ ವಾಂಟ್ ಟು ಬಿ ಎ ಕೌಬಾಯ್ಸ್ ಸ್ವೀಟ್‌ಹಾರ್ಟ್’) ವಾಸಿ, ಹೆಣ್ಣುದನಿಗಂತೂ ಅದೇ. ಕಿಶೋರ್ ಕುಮಾರ್ ಕೇಳಿ ಬೆಳೆದ ಕಿವಿಗೆ ಹೊಸತೇನಲ್ಲ. ಎದೆದನಿಯಲ್ಲಿ ‘ಓ’, ಒಂದೇ ನೆಗೆತಕ್ಕೆ ಕಳ್ಳದನಿಯಲ್ಲಿ ‘ಈ’: ಪಂಚಮದಿಂದ ಮೇಲಿನ ಗಾಂಧಾರಕ್ಕೆ. ನಡುವೆ ಜಾರು ಹಾಕಿದರೆ ಕೆಟ್ಟಿತು. ದನಿ ಮುರಿಯುವ ಸದ್ದು ಕೇಳಿಸಲೇಬೇಕು. ಜೋರು ಮಾಡಿದರೆ ಗಂಟಲು ಬಿಗಿಯುತ್ತದೆ.

ಇನ್ನು ಶ್ರುತಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಗಳಿಂದ ಇಳಿಸಿದ ಹಲವು ಪ್ರತಿಗಳು ಎರಡು ಸ್ವರಗಳ ನಡುವೆ ಎಲ್ಲೋ ನಿಂತಿರುತ್ತವೆ. ಗಿಟಾರ್ ಕಿವಿ ತಿರುಗಿಸುತ್ತ ಕೂರಬೇಡಿ. ಪ್ಲೇಯರ್‌ನಲ್ಲಿ ‘ಶ್ರುತಿ ಬದಲಾಗದಂತೆ’ ಎನ್ನುವ ಆಯ್ಕೆಯನ್ನು ಆಫ್ ಮಾಡಿ ವೇಗ ಹೊಂದಿಸಿ: ಒಂದು ಫ್ರೆಟ್‌ನಷ್ಟು ವ್ಯತ್ಯಾಸಕ್ಕೆ ಸುಮಾರು 6%, ಅದರ ಅರ್ಧಕ್ಕೆ 3%.