ಸ್ಟಾಂಪೋ, ಪಿಡಿಎಂಎಸ್ ಚಾನೆಲ್ಲೋ: ಎಂಇಎ ಮೇಲೆ ನ್ಯೂರಾನ್‌ಗಳನ್ನು ಸಾಲಿಗೆ ತರುವ ಎರಡು ದಾರಿ

ಮೊದಲೇ ಹೇಳಿಬಿಡುತ್ತೇನೆ. 60 ಎಲೆಕ್ಟ್ರೋಡಿನ ಮಾಮೂಲಿ ಗಾಜಿನ ಎಂಇಎ (ಮೇಲೆ ನ್ಯೂರಾನ್ ಬೆಳೆಸಿ ಅವುಗಳ ವಿದ್ಯುತ್ ಸಿಗ್ನಲ್ ಹಿಡಿಯುವ ಎಲೆಕ್ಟ್ರೋಡ್ ತಟ್ಟೆ) ಇಟ್ಟುಕೊಂಡು, ಮೈಸೂರಿನಲ್ಲಿ, ಕ್ಲೀನ್‌ರೂಮ್ ಇಲ್ಲದ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಪಿಡಿಎಂಎಸ್ ಚಾನೆಲ್ಲೇ ಸರಿ, ಅಂದರೆ ಅಡಿಯಲ್ಲಿ ಸಣ್ಣ ಕಾಲುವೆಗಳಿರುವ ಸಿಲಿಕೋನ್ ರಬ್ಬರಿನ ತುಂಡು. ಕೋಶ ಅಂಟಿಕೊಳ್ಳುವ ಪಾಲಿಲೈಸಿನ್ ಲೇಪವನ್ನು ಗಾಜಿನ ಮೇಲೆ ಗೆರೆಗಳಾಗಿ ಅಚ್ಚೊತ್ತುವ ಸ್ಟಾಂಪ್ ವಿಧಾನ ಮೊದಲ ವಾರ ಕಣ್ಣಿಗೆ ಹಬ್ಬ. ರೆಕಾರ್ಡಿಂಗ್ ಶುರುವಾಗುವ ಹೊತ್ತಿಗೆ ಕೈಕೊಡುತ್ತದೆ.

ಇಲಿಯ ಇ18 (18ನೇ ದಿನದ) ಭ್ರೂಣದ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಕೋಶಗಳು ಜಾಲವಾಗಿ ಮಿಡಿಯಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಗೆರೆಗಳ ನಡುವೆ ಕೋಶ ಅಂಟದಂತೆ ಹಚ್ಚಿದ ಪಿಇಜಿ ಲೇಪ ಸೋಲತೊಡಗುತ್ತದೆ. ಆಕ್ಸಾನ್‌ಗಳು (ಕೋಶದಿಂದ ಸಿಗ್ನಲ್ ಒಯ್ಯುವ ಎಳೆಗಳು) ಗೆರೆ ದಾಟುತ್ತವೆ, ಕೋಶಗಳು ಒಂದನ್ನೊಂದು ಎಳೆದುಕೊಂಡು ಗುಡ್ಡೆಯಾಗುತ್ತವೆ. 200 ಮೈಕ್ರಾನ್ ಅಂತರದ ಎರಡು ಎಲೆಕ್ಟ್ರೋಡುಗಳ ನಡುವೆ ಗುಡ್ಡೆ ಕೂತರೆ ಎರಡರಲ್ಲೂ ಸಿಗ್ನಲ್ ಇಲ್ಲ. ಜೊತೆಗೆ ಸ್ಟಾಂಪ್ ಒಮ್ಮೆ ಗಾಜಿಗೆ ತಾಗಿದರೆ ಮುಗಿಯಿತು, ಸರಿಸುವ ಹಾಗಿಲ್ಲ.

ಚಾನೆಲ್ ಇರುವ ತುಂಡನ್ನು ಸರಿಸಬಹುದು. ಎಂಇಎ ಮೇಲೆ 70% ಎಥನಾಲಿನ ಒಂದು ಹನಿ ಬಿಟ್ಟು, ಅದರ ಮೇಲೆ ಪಿಡಿಎಂಎಸ್ ತುಂಡನ್ನಿಟ್ಟು, ಸ್ಟೀರಿಯೋ ಮೈಕ್ರೋಸ್ಕೋಪಿನಡಿ ಚಿಮ್ಮಟದಿಂದ ನಿಧಾನವಾಗಿ ಜರುಗಿಸಿ. ಹನಿ ಆರುತ್ತಿದ್ದಂತೆ ತಾನಾಗಿ ಕಚ್ಚಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಸುಲಿದು ತೆಗೆದು, ಕಿಣ್ವದ ಡಿಟರ್ಜೆಂಟಿನಲ್ಲಿ ರಾತ್ರಿಯಿಡೀ ನೆನೆಸಿದರೆ ಎಂಇಎ ಮತ್ತೆ ಬಳಕೆಗೆ ಸಿದ್ಧ.

ಚಾನೆಲ್ಲಿನ ಅಳತೆ: ಅಗಲ 10, ಎತ್ತರ 5 ಮೈಕ್ರಾನ್. ಈ ಎತ್ತರದಲ್ಲಿ ಕೋಶದ ಒಡಲು ಒಳನುಗ್ಗುವುದಿಲ್ಲ, ಆಕ್ಸಾನ್ ಮಾತ್ರ ಹೋಗುತ್ತದೆ. ಉದ್ದ 800 ಮೈಕ್ರಾನ್ ಇಟ್ಟರೆ ಒಂದೊಂದು ಚಾನೆಲ್ಲಿನಡಿ ಮೂರು ನಾಲ್ಕು ಎಲೆಕ್ಟ್ರೋಡ್ ಸಿಗುತ್ತವೆ. ಸಿಗ್ನಲ್ಲಿನ ಲಾಭ ಇಲ್ಲೇ ಇದೆ. ಬಯಲಲ್ಲಿ ಬೆಳೆದ ಕೋಶದಿಂದ ಹತ್ತಾರು ಮೈಕ್ರೋವೋಲ್ಟ್ ಸಿಕ್ಕರೆ, ಚಾನೆಲ್ಲಿನಲ್ಲಿ ನೂರಾರು ಬರುತ್ತದೆ. ಗದ್ದೆಗೆ ಬಿಟ್ಟ ನೀರು ಹರಡಿಹೋಗುತ್ತದೆ, ಅದೇ ನೀರು ಇಕ್ಕಟ್ಟಾದ ನಾಲೆಯಲ್ಲಿ ಮಟ್ಟ ಏರಿಸುತ್ತದೆ, ಕರೆಂಟೂ ಹಾಗೆಯೇ. ಆಕ್ಸಾನಿನ ವೇಗ ಸೆಕೆಂಡಿಗೆ ಅರ್ಧ ಮೀಟರ್ ಇದ್ದರೆ ಪಕ್ಕದ ಎಲೆಕ್ಟ್ರೋಡಿಗೆ 0.4 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಸೆಕೆಂಡಿಗೆ 25 ಸಾವಿರ ಸಲ ಅಳೆಯುವ 25 ಕಿಲೋಹರ್ಟ್ಸ್‌ನಲ್ಲಿ ಅದು 10 ಸ್ಯಾಂಪಲ್, ಯಾವ ಕಡೆಯಿಂದ ಬಂತೆಂದು ಹೇಳಲು ಧಾರಾಳ ಸಾಕು.

ಈ ವಿಧಾನದ ನಿಜವಾದ ಪೀಡೆ ಗಾಳಿ. ಪಿಡಿಎಂಎಸ್‌ಗೆ ನೀರೆಂದರೆ ಆಗುವುದಿಲ್ಲ. ಚಾನೆಲ್ಲಿನ ಎರಡು ತುದಿಯ ಬಾವಿಗಳಿಗೆ (ದ್ರವ, ಕೋಶ ಹಾಕುವ ಗುಂಡಿಗಳಿಗೆ) ಒಟ್ಟಿಗೆ ದ್ರವ ಸುರಿದರೆ ಚಾನೆಲ್ಲಿನ ನಡುವೆ ಗಾಳಿ ಸಿಕ್ಕಿಬೀಳುತ್ತದೆ, ಅಲ್ಲಿಗೆ ಲೇಪವೂ ತಲುಪದು, ಆಕ್ಸಾನೂ ತಲುಪದು. ಜೋಡಿಸಿದ ತುಂಡಿಗೆ ಒಂದೆರಡು ನಿಮಿಷ ಪ್ಲಾಸ್ಮಾ (ಮೇಲ್ಮೈಗೆ ನೀರು ಹತ್ತುವಂತೆ ಮಾಡುವ ವಿದ್ಯುದಾವೇಶದ ಅನಿಲ) ಕೊಟ್ಟು, ತಡಮಾಡದೆ ಒಂದೇ ಬಾವಿಗೆ ಪಾಲಿಲೈಸಿನ್ (ಮಿಲಿಲೀಟರಿಗೆ 0.1 ಮಿಲಿಗ್ರಾಂ) ಹಾಕಿ. ಆಚೆ ತುದಿಯಲ್ಲಿ ತೇವ ಕಂಡ ಮೇಲೆ ಇನ್ನೊಂದು ಬಾವಿ ತುಂಬಿ. ನಂತರ ಡೆಸಿಕೇಟರಿನಲ್ಲಿ (ಗಾಳಿ ಹೊರಗೆಳೆಯಬಹುದಾದ ಮುಚ್ಚಿದ ಪಾತ್ರೆಯಲ್ಲಿ) 15 ನಿಮಿಷ ವ್ಯಾಕ್ಯೂಮ್. ಗುಳ್ಳೆಗಳು ಮೇಲೆದ್ದು ಬರುತ್ತವೆ, ಉಳಿದ ಗಾಳಿಯನ್ನು, ವ್ಯಾಕ್ಯೂಮಿನಲ್ಲಿ ತನ್ನೊಳಗಿನ ಗಾಳಿ ಬರಿದಾದ ಪಿಡಿಎಂಎಸ್ ತಾನೇ ಹೀರಿಕೊಳ್ಳುತ್ತದೆ.

ಗಾಳಿ ಇದೆಯೋ ಇಲ್ಲವೋ ಎಂದು ಇಂಪೀಡೆನ್ಸ್ (ವಿದ್ಯುತ್ ತಡೆ) ಮೀಟರನ್ನು ಕೇಳಬೇಡಿ. ತೆರೆದ ಎಲೆಕ್ಟ್ರೋಡಿನಲ್ಲಿ ಹತ್ತಾರು ಕಿಲೋಓಮ್ ಇರುವುದು, ಚಾನೆಲ್ ಸರಿಯಾಗಿ ತುಂಬಿದ್ದರೂ ಮೆಗಾಓಮಿಗೆ ಏರುತ್ತದೆ, ಯಾಕೆಂದರೆ ಆ ಸಣ್ಣ ಕೊಳವೆಯ ತಡೆಯೇ ಅಷ್ಟು. ಇದನ್ನು ತಿಳಿಯದೆ ಒಳ್ಳೆಯ ಎಂಇಎಯನ್ನು ಕೆಟ್ಟಿತೆಂದು ಬದಿಗಿಡುವವರಿದ್ದಾರೆ. ಫೇಸ್ ಕಾಂಟ್ರಾಸ್ಟ್ ಮೈಕ್ರೋಸ್ಕೋಪಿನಲ್ಲಿ ನೋಡಿ: ದ್ರವ ತುಂಬಿದ ಚಾನೆಲ್ಲಿನ ಅಂಚು ತೆಳು, ಗಾಳಿ ಇರುವೆಡೆ ಅಂಚು ದಪ್ಪ, ಕಪ್ಪು.

ಇಷ್ಟಾದರೂ ಗಾಳಿ ಮತ್ತೆ ಬರುವ ಒಂದು ದಾರಿಯಿದೆ. ಫ್ರಿಜ್ಜಿನಿಂದ ತೆಗೆದ ಮೀಡಿಯಂ (ಕೋಶಗಳ ಪೋಷಕ ದ್ರವ) ನೇರವಾಗಿ ಹಾಕಿದರೆ, 37 ಡಿಗ್ರಿಗೆ ಬಿಸಿಯಾಗುತ್ತಾ ಕರಗಿದ್ದ ಅನಿಲವನ್ನು ಬಿಟ್ಟುಕೊಡುತ್ತದೆ. ಮುಚ್ಚಳ ಸಡಿಲಿಸಿ ಅರ್ಧ ಗಂಟೆ ಇನ್‌ಕ್ಯುಬೇಟರಿನಲ್ಲಿಟ್ಟ ಮೀಡಿಯಮ್ಮನ್ನೇ ಬಳಸಿ. ಕೋಶ ಹಾಕಿದ ಮೇಲೆ ವ್ಯಾಕ್ಯೂಮ್ ಕೊಡುವಂತಿಲ್ಲ, ಹಾಗಾಗಿ ಪರೀಕ್ಷೆಯೆಲ್ಲ ಅದಕ್ಕೆ ಮೊದಲೇ ಮುಗಿಯಬೇಕು.

ಮೈಸೂರಿನ ಫೆಬ್ರವರಿ, ಮಾರ್ಚಿನ ಒಣಹವೆಯಲ್ಲಿ ಇನ್‌ಕ್ಯುಬೇಟರಿನಿಂದ ಹೊರಗಿಟ್ಟು ರೆಕಾರ್ಡ್ ಮಾಡುವಾಗ ಮೀಡಿಯಂ ಬೇಗ ಆರಿ ಉಪ್ಪಿನಂಶ ಏರುತ್ತದೆ. ಎಫ್‌ಇಪಿ (ಅನಿಲ ಬಿಟ್ಟು ನೀರಾವಿ ತಡೆಯುವ ಪ್ಲಾಸ್ಟಿಕ್) ಪೊರೆಯ ಮುಚ್ಚಳ ಹಾಕಿ. ತೇವ ಕೂರುವ ಮಳೆಗಾಲದಲ್ಲಿ ಎಂಇಎಯ ಕಾಂಟ್ಯಾಕ್ಟ್ ಪ್ಯಾಡುಗಳನ್ನು (ರೆಕಾರ್ಡಿಂಗ್ ಯಂತ್ರಕ್ಕೆ ತಾಗುವ ಬಿಂದುಗಳನ್ನು) ಐಸೋಪ್ರೊಪನಾಲಿನಿಂದ ಒರೆಸಿ. ರೆಕಾರ್ಡಿಂಗಿನಲ್ಲಿ ಮೇನ್ಸ್ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟಿದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ.

ಖರ್ಚಿಗೆ ಬಂದರೆ, ಎರಡಕ್ಕೂ ಎಸ್‌ಯು-8 (ಬೆಳಕಿಗೆ ಗಟ್ಟಿಯಾಗುವ ರಾಳ) ಮೂಲ ಅಚ್ಚು ಬೇಕು. ಬೆಂಗಳೂರಿನ ಐಐಎಸ್‌ಸಿಯಲ್ಲಿರುವಂಥ ಕ್ಲೀನ್‌ರೂಮಿನಲ್ಲಿ ಒಮ್ಮೆ ಮಾಡಿಸಿ, ಪಿಡಿಎಂಎಸ್ ಅಂಟದಂತೆ ಸಿಲೇನ್ ಹಚ್ಚಿಟ್ಟರೆ ಅದರಿಂದ ಹತ್ತಾರು ತುಂಡು ಎರಕ ಹೊಯ್ಯಬಹುದು. ಸ್ಟಾಂಪಿಗೆ ಅದರ ಜೊತೆಗೆ ಪಿಇಜಿ ರಾಸಾಯನಿಕದ ಖರ್ಚು ಪದೇಪದೇ ಬೀಳುತ್ತದೆ. ಹಣವಿದ್ದು 17.5 ಮೈಕ್ರಾನ್ ಅಂತರದ 26,400 ಎಲೆಕ್ಟ್ರೋಡಿನ ಸಿಮಾಸ್ (ಕಂಪ್ಯೂಟರ್ ಚಿಪ್ ತಂತ್ರದ) ಚಿಪ್ ತೆಗೆದುಕೊಂಡವರಿಗೆ ಸಾಲು ಹೊಂದಿಸುವ ತಲೆನೋವೇ ಇಲ್ಲ, ಚಾನೆಲ್ ಎಲ್ಲಿ ಕೂತಿತೋ ಅಲ್ಲಿನ ಎಲೆಕ್ಟ್ರೋಡುಗಳನ್ನೇ ಆರಿಸಿಕೊಳ್ಳಬಹುದು.

ಮೇಲಿನಿಂದ ಪಿಪೆಟ್ ಇಳಿಸಿ ಪ್ಯಾಚ್ ಕ್ಲ್ಯಾಂಪ್ (ಒಂದೊಂದೇ ಕೋಶಕ್ಕೆ ಪಿಪೆಟ್ ಅಂಟಿಸಿ ಅದರ ಕರೆಂಟ್ ಅಳೆಯುವುದು) ಮಾಡಬೇಕಿದ್ದರೆ ಮಾತ್ರ ಸ್ಟಾಂಪನ್ನು ಆರಿಸಿ. ಚಾನೆಲ್ಲಿನೊಳಗಿನ ಆಕ್ಸಾನಿಗೆ ಪಿಪೆಟ್ ತಲುಪುವುದಿಲ್ಲ.